ಹಳೆ ಕಿರೀಟಕ್ಕೆ ಹೊಸ ಕಿರೀಟ: 1876ರ ವ್ಯಂಗ್ಯಚಿತ್ರ ಮತ್ತು ಆನೆಗೊಂದಿ ಸೀಮೆ

1876ರ ಏಪ್ರಿಲ್ 15ರಂದು ಲಂಡನ್ನಿನ ‘ಪಂಚ್’ ವಾರಪತ್ರಿಕೆಯಲ್ಲಿ ಜಾನ್ ಟೆನಿಯಲ್ ಬರೆದ ‘ಹಳೆ ಕಿರೀಟಕ್ಕೆ ಹೊಸ ಕಿರೀಟ’ ವ್ಯಂಗ್ಯಚಿತ್ರ ಅಚ್ಚಾಯಿತು. ಪ್ರಧಾನಿ ಡಿಸ್ರೇಲಿ ಪೂರ್ವದೇಶದ ವ್ಯಾಪಾರಿಯ ವೇಷದಲ್ಲಿ ನಿಂತು, ಭಾರತದ ಹೊಸ ಕಿರೀಟ ಕೊಡುತ್ತೇನೆ, ಹಳೆಯದು ಕೊಡಿ ಎಂದು ರಾಣಿ ವಿಕ್ಟೋರಿಯಾಳ ಮುಂದೆ ಕೈ ಚಾಚುತ್ತಾನೆ. ಅಲ್ಲಾದೀನನ ಕಥೆಯಲ್ಲಿ ಮಾಂತ್ರಿಕನು ಹೊಸ ದೀಪದ ಆಸೆ ತೋರಿಸಿ ಮಾಯಾದೀಪ ಲಪಟಾಯಿಸುವ ಪ್ರಸಂಗವೇ ಇದರ ಮೂಲ. ಕುಟುಕು ಇರುವುದೂ ಅಲ್ಲೇ.

ಹಿನ್ನೆಲೆ, ರಾಣಿಗೆ ಹೊಸ ಬಿರುದು ತಂದ 1876ರ ರಾಜಬಿರುದು ಕಾಯ್ದೆ. 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿ ದರ್ಬಾರಿನಲ್ಲಿ ‘ಭಾರತದ ಸಾಮ್ರಾಜ್ಞಿ’ ಬಿರುದನ್ನು ಸಾರಿಸಿದ. ಹೈದರಾಬಾದಿನ ಬಾಲಕ ನಿಜಾಮ ಮಹಬೂಬ್ ಅಲಿ ಖಾನ್ ಅಲ್ಲಿದ್ದ.

ಆಗ ಆನೆಗೊಂದಿ, ಗಂಗಾವತಿ, ಕುಷ್ಟಗಿ ನಿಜಾಮರ ಆಳ್ವಿಕೆಯಲ್ಲಿದ್ದವು. ಕೊಪ್ಪಳವು ನಿಜಾಮರ ದಿವಾನ ಒಂದನೇ ಸಾಲಾರ್ ಜಂಗ್ ಮನೆತನದ ಜಹಗೀರು. ಅದೇ 1876ರಲ್ಲಿ ಆತ ಇಂಗ್ಲೆಂಡಿಗೆ ಹೋಗಿ, 1853ರಲ್ಲಿ ಬ್ರಿಟಿಷರ ಕೈಸೇರಿದ ಬೇರಾರ್ ಪ್ರಾಂತ್ಯವನ್ನು ಮರಳಿ ಕೇಳಿದರೂ ಸಿಗಲಿಲ್ಲ. ನಮ್ಮ ಸೀಮೆಯವರು ಇದನ್ನು ಮುಖ್ಯವಾಗಿ ಓದಬೇಕು: ದರ್ಬಾರಿನ ವೈಭವದ ಹೊತ್ತಿಗೆ ತುಂಗಭದ್ರೆಯ ಎರಡೂ ದಡಗಳಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ ಜನರನ್ನು ಕೊಲ್ಲುತ್ತಿತ್ತು. ಈ ಬರದ ಬಗ್ಗೆ 1880ರಲ್ಲಿ ವರದಿ ಕೊಟ್ಟದ್ದು ಸ್ಟ್ರ್ಯಾಚಿ ಆಯೋಗ.