ತಪ್ಪಿದ ಲೆಕ್ಕವನ್ನೇ ತನ್ನಿ



ಹೊಸದಾಗಿ ಶಿಕ್ಷಕರ ಕೆಲಸಕ್ಕೆ ಸೇರಿದ ನಿಮಗೆ ಮೊದಲ ವಾರದಲ್ಲೇ ಎಷ್ಟೋ ಸಂಗತಿಗಳನ್ನು ಹೇಳಿಕೊಟ್ಟಿರುತ್ತಾರೆ. ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ತುಂಬುವುದು ಹೇಗೆ, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ ಇಡುವುದು ಹೇಗೆ, ಎಸ್‌ಡಿಎಂಸಿ ಸಭೆಯ ನಡಾವಳಿ ಬರೆಯುವುದು ಹೇಗೆ. ಇವೆಲ್ಲ ತಿಳಿದಿರಬೇಕಾದದ್ದೇ. ಆದರೆ ಎಷ್ಟು ಸಲ ಹೇಳಿಕೊಟ್ಟರೂ ಒಂದು ಮಗುವಿಗೆ ಕಳೆಯುವ ಲೆಕ್ಕ ತಲೆಗೆ ಹತ್ತದಿದ್ದರೆ ಯಾರನ್ನು ಕೇಳಬೇಕು ಎಂದು ಬಹುಶಃ ಯಾರೂ ಹೇಳಿರಲಿಕ್ಕಿಲ್ಲ. ಅದನ್ನು ನಾನು ಹೇಳುತ್ತೇನೆ. ಪಕ್ಕದ ಕೋಣೆಯ ಮೇಷ್ಟ್ರನ್ನು ಕೇಳಿ. ಕೇಳುವಾಗ ಆ ಮಗುವಿನ ನೋಟ್‌ಬುಕ್ ನಿಮ್ಮ ಕೈಯಲ್ಲಿರಲಿ.

ಶಿಕ್ಷಕರು ಒಬ್ಬರಿಂದೊಬ್ಬರು ಕಲಿಯುವ ಗುಂಪುಗಳನ್ನು ಕಟ್ಟಬೇಕು ಎಂಬ ಮಾತು ಈಗ ಎಲ್ಲ ತರಬೇತಿಗಳಲ್ಲೂ ಕೇಳಿಬರುತ್ತದೆ. ‘ವೃತ್ತಿಪರ ಕಲಿಕಾ ಸಮುದಾಯ’ ಎಂಬ ದೊಡ್ಡ ಹೆಸರೂ ಅದಕ್ಕಿದೆ. ಹೆಸರು ದೊಡ್ಡದೆಂದು ಹಿಂಜರಿಯಬೇಡಿ. ಅದರ ಒಳಗಿನ ಕೆಲಸ ತೀರಾ ಸಣ್ಣದು. ಹಾಗಿದ್ದೂ ಅದು ನಮ್ಮ ಶಾಲೆಗಳಲ್ಲಿ ಅಪರೂಪ ಎಂಬುದೇ ನನ್ನನ್ನು ಇವತ್ತಿಗೂ ಕಾಡುವ ಸಂಗತಿ.

ಲೆಕ್ಕದ ಮಾತಿಗೇ ಬರುತ್ತೇನೆ. ಮಗು 52ರಲ್ಲಿ 27 ಕಳೆದು 35 ಎಂದು ಬರೆದಿದೆ. ನಾವು ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ, ಪಕ್ಕದಲ್ಲಿ 25 ಎಂದು ಬರೆದು, ಮುಂದಿನ ನೋಟ್‌ಬುಕ್ಕಿಗೆ ಕೈ ಹಾಕುತ್ತೇವೆ. ಅದೇ ಪುಟವನ್ನು ಮೂವರು ಒಟ್ಟಿಗೆ ಕೂತು ನೋಡಲಿ. ಒಬ್ಬರ ಕಣ್ಣು ಉಳಿದ ಲೆಕ್ಕಗಳ ಮೇಲೂ ಹೋಗುತ್ತದೆ. 63ರಲ್ಲಿ 48 ಹೋದರೆ 25 ಎಂದಿದೆ, 50ರಲ್ಲಿ 27 ಹೋದರೆ 37 ಎಂದಿದೆ. ಎಲ್ಲ ಕಡೆಯೂ ಮಗು ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನು ಕಳೆದಿದೆ. ದೊಡ್ಡದು ಮೇಲಿದ್ದರೂ ಸರಿ, ಕೆಳಗಿದ್ದರೂ ಸರಿ. ಅಂದರೆ ಮಗು ಅಸಡ್ಡೆ ಮಾಡಿಲ್ಲ. ತನ್ನದೇ ಒಂದು ನಿಯಮ ಮಾಡಿಕೊಂಡು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಈ ನಿಯಮ ಅದಕ್ಕೆ ಎಲ್ಲಿ ಸಿಕ್ಕಿತು? ಕೆಳಗಿನ ತರಗತಿ ನೋಡಿಕೊಳ್ಳುವ ಟೀಚರ್ ಅಲ್ಲಿ ಕೂತಿದ್ದರೆ ಉತ್ತರ ಅವರ ಬಳಿಯೇ ಇರುತ್ತದೆ: ‘ಸಣ್ಣದರಲ್ಲಿ ದೊಡ್ಡದನ್ನು ಕಳೆಯೋಕಾಗಲ್ಲ, ದೊಡ್ಡದರಲ್ಲಿ ಸಣ್ಣದನ್ನು ಕಳೀಬೇಕು ಅಂತ ನಾವೇ ಹೇಳಿರ್ತೀವಲ್ಲ.’ ಎರಡನೇ ತರಗತಿಯಲ್ಲಿ ಅನುಕೂಲಕ್ಕೆ ಹೇಳಿದ ಮಾತು ನಾಲ್ಕನೇ ತರಗತಿಯಲ್ಲಿ ಮಗುವಿನ ದಾರಿ ತಪ್ಪಿಸಿದೆ. ಇದು ಒಬ್ಬರೇ ಕೂತು ನೋಡಿದರೆ ಸುಲಭವಾಗಿ ಹೊಳೆಯುವ ಸಂಗತಿಯಲ್ಲ. ಏಕೆಂದರೆ ಉತ್ತರದ ಅರ್ಧ ನಿಮ್ಮ ಕೋಣೆಯಲ್ಲಿದೆ, ಇನ್ನರ್ಧ ಅವರ ಕೋಣೆಯಲ್ಲಿದೆ.

ಮುಂದಿನ ಮಾತು ತಾನಾಗಿಯೇ ಹುಟ್ಟುತ್ತದೆ. ಒಬ್ಬರು ಹತ್ತತ್ತು ಕಡ್ಡಿಗಳ ಕಟ್ಟು ಮಾಡೋಣ ಎನ್ನುತ್ತಾರೆ. ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು ಇಪ್ಪತ್ತೇಳು ಕಡ್ಡಿ ಕೊಡು ಎಂದು ಮಗುವನ್ನು ಕೇಳುವುದು. ಬಿಡಿ ಏಳು ಇಲ್ಲವಲ್ಲ, ಮಗು ಏನು ಮಾಡುತ್ತದೆ? ತಾನೇ ಒಂದು ಕಟ್ಟು ಬಿಚ್ಚುತ್ತದೆಯೋ, ನಮ್ಮ ಮುಖ ನೋಡುತ್ತದೆಯೋ? ಮುಂದಿನ ವಾರ ಕೂತಾಗ ಇದನ್ನೇ ಹೇಳಬೇಕು. ಹೀಗೆ ಎರಡು ಮೂರು ವಾರ ಒಂದೇ ತೊಡಕನ್ನು ಹಿಡಿದು ಕೂತರೆ ಸಾಕು, ನೀವು ಹುಡುಕುತ್ತಿರುವ ಕಲಿಕಾ ಸಮುದಾಯ ಅಲ್ಲಿ ಹುಟ್ಟಿರುತ್ತದೆ.

ಭಾಷೆಯಲ್ಲೂ ಹಾಗೆಯೇ. ಮಗು ‘ಹಸು’ ಎನ್ನುವ ಕಡೆ ‘ಅಸು’ ಎಂದು ಬರೆದರೆ, ಆ ಸೀಮೆಯಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಗೆ ಅದು ಮನೆಯ ಮಾತಿನ ಸಹಜ ದನಿ ಎಂದು ಗೊತ್ತಿರುತ್ತದೆ. ದೂರದ ಜಿಲ್ಲೆಯಿಂದ ಬಂದ ನಿಮಗೆ ಗೊತ್ತಿರುವುದಿಲ್ಲ. ಲಂಬಾಣಿ, ಉರ್ದು, ತೆಲುಗು, ತುಳು ಮಾತಾಡುವ ಮನೆಗಳಿಂದ ಬರುವ ಮಕ್ಕಳ ವಿಷಯದಲ್ಲಂತೂ ಆ ಭಾಷೆ ಬಲ್ಲ ಒಬ್ಬ ಟೀಚರ್ ಪಕ್ಕದಲ್ಲಿ ಕೂತರೆ ನಿಮ್ಮ ಎಷ್ಟೋ ತಿಂಗಳ ತಡಕಾಟ ತಪ್ಪುತ್ತದೆ.

ನಾವು ಹೀಗೆ ಕೂರುವುದಿಲ್ಲ ಏಕೆ? ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಪ್ರಕಟವಾದ ‘ಸ್ಕೂಲ್‌ಟೀಚರ್’ ಪುಸ್ತಕದಲ್ಲಿ ಶಿಕ್ಷಕರ ಒಂಟಿತನವನ್ನು ವಿವರಿಸಿದ್ದಾರೆ. ಪ್ರತಿಯೊಬ್ಬರೂ ತಮ್ಮ ಕೋಣೆಯಲ್ಲಿ ಒಬ್ಬರೇ ಕೆಲಸ ಮಾಡುತ್ತಾರೆ. ತಾವು ಮಕ್ಕಳಾಗಿದ್ದಾಗ ಕಂಡ ಮೇಷ್ಟ್ರುಗಳ ರೀತಿಯೇ ಅವರ ಮನಸ್ಸಿನಲ್ಲಿ ಬೇರೂರಿರುತ್ತದೆ. ಲಾರ್ಟಿ ಬರೆದದ್ದು ಅಮೆರಿಕದ ಬಗ್ಗೆ. ನಮ್ಮಲ್ಲಿ ಇದರ ಜೊತೆಗೆ ಹಿರಿತನದ ಭಯವೂ ಇದೆ. ನನಗೆ ಇದನ್ನು ಕಲಿಸಲು ಆಗುತ್ತಿಲ್ಲ ಎಂದರೆ ಮುಖ್ಯಶಿಕ್ಷಕರು ಏನೆಂದುಕೊಳ್ಳುತ್ತಾರೋ, ಮಾತು ಬಿಇಒ ಕಚೇರಿ ಮುಟ್ಟುತ್ತದೋ ಎಂಬ ಅಳುಕು. ಅಳುಕು ಸುಳ್ಳಲ್ಲ. ಅದಕ್ಕೇ ಗುಂಪಿನ ಮೊದಲ ಕಟ್ಟಳೆ ಇದಾಗಿರಲಿ: ಇಲ್ಲಿ ಹೇಳಿದ ತೊಡಕು ಇಲ್ಲಿಂದ ಆಚೆ ಹೋಗಕೂಡದು. ಮಗುವಿನ ಹೆಸರನ್ನೂ ಮುಚ್ಚಿಯೇ ಪುಟ ತೋರಿಸಿ. ಮಗುವಿನ ತಪ್ಪನ್ನು ನೋಡಿ ಒಬ್ಬರು ನಕ್ಕರೂ ಆವತ್ತಿನ ಮಾತುಕತೆ ಕೆಡುತ್ತದೆ.

ಜಪಾನಿನ ಶಾಲೆಗಳಲ್ಲಿ ಜುಗ್ಯೋ ಕೆಂಕ್ಯೂ ಎಂಬ ಪದ್ಧತಿಯಿದೆ, ಪಾಠದ ಅಧ್ಯಯನ ಎನ್ನಬಹುದು. ಕೆಲವು ಶಿಕ್ಷಕರು ಸೇರಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ. ಮಕ್ಕಳಿಗೆ ಮೊದಲು ಕೊಡುವ ಲೆಕ್ಕ ಯಾವುದಿರಬೇಕು ಎಂಬುದನ್ನೂ ಬಹಳ ಹೊತ್ತು ಚರ್ಚಿಸುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ತರಗತಿಯಲ್ಲಿ ನಿಂತು ಮಕ್ಕಳನ್ನು ಗಮನಿಸುತ್ತಾರೆ. ಯಾವ ಮಗು ಎಲ್ಲಿ ತಡವರಿಸಿತು, ಪಕ್ಕದವನ ಉತ್ತರ ನೋಡಿ ಯಾವಾಗ ತನ್ನದನ್ನು ಅಳಿಸಿತು ಎಂದು ಬರೆದುಕೊಳ್ಳುತ್ತಾರೆ. ಆಮೇಲೆ ಪಾಠವನ್ನು ತಿದ್ದುತ್ತಾರೆ, ಕೆಲವೊಮ್ಮೆ ಇನ್ನೊಬ್ಬರು ಬೇರೆ ತರಗತಿಯಲ್ಲಿ ಮತ್ತೆ ಮಾಡುತ್ತಾರೆ. ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ 1999ರ ‘ದಿ ಟೀಚಿಂಗ್ ಗ್ಯಾಪ್’ನಲ್ಲಿ ಇದನ್ನು ವಿವರಿಸಿದ ಮೇಲೆ ಬೇರೆ ದೇಶಗಳವರೂ ಈ ಕಡೆ ಹೆಚ್ಚಾಗಿ ತಿರುಗಿ ನೋಡಿದರು. ನನಗೆ ಇದರಲ್ಲಿ ಬಹಳ ಹಿಡಿಸುವುದು ಒಂದೇ. ಅಲ್ಲಿ ತಿದ್ದುಪಡಿ ಆಗುವುದು ಎಲ್ಲರೂ ಸೇರಿ ಕಟ್ಟಿದ ಪಾಠಕ್ಕೆ. ಹಾಗಾಗಿ ಯಾರೂ ತಲೆ ತಗ್ಗಿಸಬೇಕಾಗಿಲ್ಲ.

ಇದು ಪರದೇಶದ ಮಾತು ಎನಿಸಿದರೆ ನಮ್ಮ ಎಚ್.ಡಿ. ಕೋಟೆಯನ್ನು ನೆನಪಿಸಿಕೊಳ್ಳಿ. ನೀವು ಒಂದನೇ ತರಗತಿಯಲ್ಲಿ ಬಳಸುವ ನಲಿಕಲಿ 1995ರಲ್ಲಿ ಹುಟ್ಟಿದ್ದು ಆ ತಾಲ್ಲೂಕಿನಲ್ಲಿ. ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳ ಕಲಿಕಾ ಏಣಿ, ಕಾರ್ಡುಗಳನ್ನು ನೋಡಿ ಬಂದರು. ಬಂದ ಮೇಲೆ ನಮ್ಮ ಮಕ್ಕಳಿಗೆ ಹೊಂದುವ ಕಾರ್ಡು, ಹಾಡು, ಆಟ, ಮೈಲಿಗಲ್ಲುಗಳನ್ನು ತಾವೇ ಕೂತು ರಚಿಸಿದರು. ಯಾವ ಅಕ್ಷರ ಮೊದಲು ಬರಬೇಕು ಎಂಬುದನ್ನೂ ತಾವೇ ತೀರ್ಮಾನಿಸಬೇಕಾದ ಕೆಲಸ ಅದು. 2009-10ರಲ್ಲಿ ನಲಿಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಕಾರ್ಡುಗಳು ಅಚ್ಚಾಗಿ ಎಲ್ಲ ಕಡೆ ತಲುಪಿದವು. ಆ ಕಾರ್ಡುಗಳ ಹಿಂದಿದ್ದ ಮಾತುಕತೆ ಮಾತ್ರ ಅಷ್ಟೇ ಸುಲಭವಾಗಿ ತಲುಪಲಿಲ್ಲ ಎಂಬುದು ನನ್ನ ತಿಳಿವಳಿಕೆ. ಈ ಕಾರ್ಡು ಇಲ್ಲೇಕಿದೆ ಎಂದು ಕೇಳುವ ಹಕ್ಕು ನಿಮಗಿದೆ. ನಿಮ್ಮಂಥ ಶಿಕ್ಷಕರೇ ಅದನ್ನು ಕಟ್ಟಿದ್ದು.

ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲೂ ಇಂಥದ್ದೊಂದು ನಡೆದಿತ್ತು. 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣದ ಕಾರ್ಯಕ್ರಮ ಅದು. 1978ರಲ್ಲಿ ಜಿಲ್ಲೆಯ ಎಲ್ಲ ಹಿರಿಯ ಪ್ರಾಥಮಿಕ ಶಾಲೆಗಳಿಗೂ ಹೋಯಿತು. ಶಿಕ್ಷಕರು ತಿಂಗಳಿಗೊಮ್ಮೆ ‘ಸಂಗಮ ಕೇಂದ್ರ’ ಎಂಬಲ್ಲಿ ಸೇರುತ್ತಿದ್ದರು, ಪ್ರಯೋಗಗಳಲ್ಲಿ ಬಂದ ತೊಡಕುಗಳನ್ನು ಹೇಳಿಕೊಳ್ಳುತ್ತಿದ್ದರು, ಮಕ್ಕಳ ಪುಸ್ತಕ ತಿದ್ದುವುದರಲ್ಲೂ ಅವರ ಪಾಲಿತ್ತು. 2002ರಲ್ಲಿ ಸರ್ಕಾರದ ಆದೇಶದಿಂದ ಅದು ನಿಂತಿತು. ಅದಕ್ಕೇ ಹೇಳುತ್ತೇನೆ, ಆದೇಶ ಬರಲಿ ಎಂದು ಕಾಯಬೇಡಿ. ಆದೇಶ ಬಂದರೆ ಬೇಡ ಎನ್ನಲೂ ಬೇಡಿ, ಆದರೆ ನಿಮ್ಮ ಗುಂಪಿನ ಜೀವ ಅದರ ಮೇಲೆ ನಿಂತಿರದಿರಲಿ.

ಆದೇಶದ ವ್ಯವಸ್ಥೆ ನಮ್ಮಲ್ಲಿ ಆಗಲೇ ಇದೆ. ಶಾಲೆಗಳನ್ನು ಗುಂಪಾಗಿ ಜೋಡಿಸಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ತೊಂಬತ್ತರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಬಂದಾಗ ಕ್ಲಸ್ಟರ್ ಸಂಪನ್ಮೂಲ ಕೇಂದ್ರಗಳು ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿ ಕಲಿಕೆ ಇರಬೇಕೆಂದಿತು. ಕ್ಲಸ್ಟರ್‌ನ ಸಮಾಲೋಚನಾ ಸಭೆಗೆ ನೀವೂ ಹೋಗುತ್ತೀರಿ. ಸುತ್ತೋಲೆ ಓದುವುದರಲ್ಲಿ, ಮಾಹಿತಿ ನಮೂನೆ ತುಂಬುವುದರಲ್ಲಿ ಆ ಹೊತ್ತು ಕಳೆದುಹೋದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಅಷ್ಟೊಂದು ಶಾಲೆಗಳ ಶಿಕ್ಷಕರು ಒಂದೇ ಕೋಣೆಯಲ್ಲಿ ಸೇರುವ ಅವಕಾಶ ಬೇರೆಲ್ಲಿದೆ? ಕ್ಲಸ್ಟರ್ ನೋಡಿಕೊಳ್ಳುವ ಸಿಆರ್‌ಪಿಯವರಲ್ಲಿ ಅರ್ಧ ಗಂಟೆ ಕೇಳಿ. ಅವರೂ ಶಿಕ್ಷಕರೇ, ಮೇಲಿನವರು ಕೇಳುವ ವರದಿಗಳ ನಡುವೆ ಅವರೂ ದಣಿದಿರುತ್ತಾರೆ. ‘ಈ ಸಲ ನಾನು ನಾಲ್ಕು ಪುಟ ತಂದಿದ್ದೇನೆ ಸರ್, ಎಲ್ಲರೂ ನೋಡಿ ಹೇಳಲಿ’ ಎಂದರೆ ಬೇಡ ಎನ್ನುವವರನ್ನು ನಾನು ಹೆಚ್ಚು ಕಂಡಿಲ್ಲ.

ಸಮಯ ಎಲ್ಲಿದೆ ಎನ್ನುತ್ತೀರಿ. ನಿಜವೇ. ಸಂಜೆಯ ಬಸ್ಸು ತಪ್ಪಿದರೆ ಇನ್ನೊಂದಿಲ್ಲ, ಮನೆಯಲ್ಲಿ ಕೂಸು ಕಾಯುತ್ತಿರುತ್ತದೆ. ಇದರ ಭಾರ ಹೆಚ್ಚು ಬೀಳುವುದು ಹೆಣ್ಣುಮಕ್ಕಳ ಮೇಲೆ. ಹಾಗಾಗಿ ಶಾಲೆ ಬಿಟ್ಟ ಮೇಲೆ ಕೂರೋಣ ಎಂದು ಗುಂಪು ಕಟ್ಟಿದರೆ ಅದು ಕೆಲವೇ ಗಂಡಸರ ಗುಂಪಾಗಿ ಉಳಿಯುತ್ತದೆ. ಶಾಲೆಯ ವೇಳೆಯೊಳಗೇ, ವಾರಕ್ಕೆ ಅರ್ಧ ಗಂಟೆಯಾದರೂ ಹೊಂದಿಸಿಕೊಡಿ ಎಂದು ಮುಖ್ಯಶಿಕ್ಷಕರನ್ನು ಕೇಳಿ. ದಿನವೂ ಒಂದೇ ಬಸ್ಸಿನಲ್ಲಿ ಹೋಗಿಬರುವ ನಾಲ್ಕು ಶಾಲೆಗಳ ಶಿಕ್ಷಕರಿದ್ದರೆ ಆ ಸೀಟುಗಳೂ ಸಾಕು. ವಾಟ್ಸಾಪ್ ಗುಂಪು ಮಾಡಿಕೊಳ್ಳುವುದಾದರೆ ಅಲ್ಲಿ ಮಕ್ಕಳ ಕೆಲಸದ ಚಿತ್ರ ಮತ್ತು ಅದರ ಬಗೆಗಿನ ಪ್ರಶ್ನೆ ಇವೆರಡೇ ಇರಲಿ.

ನೀವು ಏಕೋಪಾಧ್ಯಾಯ ಶಾಲೆಯಲ್ಲಿದ್ದರೆ ಪಕ್ಕದ ಕೋಣೆಯೇ ಇಲ್ಲ. ನಿಮಗೆ ಇಂಥ ಗುಂಪು ಎಲ್ಲರಿಗಿಂತ ಹೆಚ್ಚು ಬೇಕು. ಪಕ್ಕದೂರಿನ ಶಾಲೆಯ ಒಬ್ಬರನ್ನು ಜೊತೆ ಮಾಡಿಕೊಳ್ಳಿ. ಉರ್ದು ಶಾಲೆಯವರನ್ನೂ ಅನುದಾನಿತ ಶಾಲೆಯವರನ್ನೂ ಹೊರಗಿಡಬೇಡಿ. ನಿವೃತ್ತಿಗೆ ಹತ್ತಿರವಿರುವ ಹಿರಿಯರಿದ್ದರೆ ಅವರನ್ನೂ ಕರೆಯಿರಿ. ಅವರು ಮೊದಲು ಮಾತಾಡದೆ ಇರಬಹುದು, ನಾಲ್ಕನೇ ಸಲಕ್ಕೆ ಬಾಯಿ ಬಿಟ್ಟರೆ ನಿಮ್ಮ ಬಿ.ಎಡ್. ಪುಸ್ತಕದಲ್ಲಿಲ್ಲದ್ದು ಹೊರಬರುತ್ತದೆ.

ಆರಂಭಿಸಲು ಹೊಸದೇನೂ ಬೇಕಿಲ್ಲ. ಜೂನ್‌ನಲ್ಲಿ ಸೇತುಬಂಧದ ಪೂರ್ವ ಪರೀಕ್ಷೆ ಮಾಡುತ್ತೀರಿ. ಅಂಕ ಬರೆದುಕೊಂಡು ಉತ್ತರ ಪತ್ರಿಕೆಗಳನ್ನು ಕಡತಕ್ಕೆ ಸೇರಿಸುವುದು ರೂಢಿ. ಈ ಸಲ ಕಡತಕ್ಕೆ ಹೋಗುವ ಮುಂಚೆ ಒಂದೇ ಪ್ರಶ್ನೆಗೆ ಮಕ್ಕಳು ಬರೆದ ತಪ್ಪು ಉತ್ತರಗಳನ್ನು ಬೇರೆ ತೆಗೆಯಿರಿ. ಒಂದೇ ಬಗೆಯ ತಪ್ಪುಗಳನ್ನು ಒಂದೆಡೆ ಸೇರಿಸಿ. ಆ ಕಾಗದಗಳನ್ನು ಹಿಡಿದು ಪಕ್ಕದ ಕೋಣೆಗೆ ಹೋಗಿ, ‘ನೀವಾಗಿದ್ದರೆ ಇದನ್ನು ಹೇಗೆ ಹೇಳಿಕೊಡ್ತಿದ್ರಿ?’ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು ಮಾರನೆಯ ದಿನ ತರಗತಿಯಲ್ಲಿ ಮಾಡಿ ನೋಡಿ. ಏನಾಯಿತೆಂದು ಆವತ್ತೇ ಅವರಿಗೆ ಹೇಳಿ.