ಪಾಠಾನುಭವ: ಪೀಠಿಕಾ ಪ್ರಶ್ನೆ ಬದಲಿಸಿದಾಗ

ಕುಬಟೂರಿನಲ್ಲಿ ಆಹಾರದ ಘಟಕಗಳ ಪಾಠಕ್ಕೆ ಪೀಠಿಕೆಯಾಗಿ, “ನಿನ್ನೆ ರಾತ್ರಿ ಏನು ಊಟ ಮಾಡಿದಿರಿ?” ಎಂದು ಕೇಳಿದೆ. ಕೆಲವರು ತಲೆ ತಗ್ಗಿಸಿದರು. ಮನೆಯ ಬಡತನವನ್ನು ತರಗತಿಯ ಮುಂದಿಡುವ ಪ್ರಶ್ನೆಯದು ಎಂದು ನನಗೆ ಮೊದಲು ಹೊಳೆದಿರಲಿಲ್ಲ.

ಮರುದಿನ, “ನಿಮ್ಮ ಹಿತ್ತಲಲ್ಲಿ, ಗದ್ದೆಯ ಬದುವಿನಲ್ಲಿ ತಿನ್ನುವಂಥದ್ದು ಏನೇನಿದೆ?” ಎಂದೆ. ನುಗ್ಗೆ, ಬಸಳೆ, ಒಂದೆಲಗ, ಪಪ್ಪಾಯಿ... ಕಪ್ಪುಹಲಗೆ ತುಂಬಿತು. ಹಿಂದಿನ ದಿನ ಸುಮ್ಮನಿದ್ದವರೇ ಹೆಚ್ಚು ಹೆಸರು ಹೇಳಿದರು.

ಅಲ್ಲಿಂದ ವಿಷಯಕ್ಕೆ ಬಂದೆ. ಅನ್ನ ಶಕ್ತಿ ಕೊಡುತ್ತದೆ. ಆದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣಾಂಶ ಕಡಿಮೆ, ‘ಎ’ ಜೀವಸತ್ವ ಇಲ್ಲವೇ ಇಲ್ಲ. ನುಗ್ಗೆಸೊಪ್ಪಿನಲ್ಲಿ ಎರಡೂ ಇವೆ. ಬೇಯಿಸಿದ ಸೊಪ್ಪಿಗೆ ನಿಂಬೆರಸ ಹಿಂಡಿದರೆ, ಅದರ ‘ಸಿ’ ಜೀವಸತ್ವದಿಂದ ದೇಹ ಕಬ್ಬಿಣಾಂಶವನ್ನು ಹೆಚ್ಚು ಹೀರಿಕೊಳ್ಳುತ್ತದೆ.

ಇನ್ನು ಮುಂದೆ ಪಾಠಯೋಜನೆ ಬರೆಯುವಾಗ, ಪೀಠಿಕಾ ಪ್ರಶ್ನೆಗೆ ಉತ್ತರಿಸಲು ಯಾವ ಮಗುವಾದರೂ ನಾಚಬೇಕಾದೀತೇ ಎಂದು ಮೊದಲು ನೋಡಿಕೊಳ್ಳುತ್ತೇನೆ.