ಚಾಲಕನಿಗೆ ವಿಮೆಯ ಆಸರೆ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರಿಗೆ ಪೂಜ್ಯವಾಗಿದೆ. ಅವರ ಪೂರ್ವಿಕರು ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿ, ತಾಂಡಾ ಕಟ್ಟಿಕೊಂಡು ಸಾಗುತ್ತಿದ್ದರು. ಇಂದು ಮೊಬೈಲಿನ ಕರೆಗೆ ಓಗೊಟ್ಟು ಬಾಡಿಗೆ ಕಾರು ಓಡಿಸುವ ಚಾಲಕನಾದರೋ ಒಂಟಿ. ಅಪಘಾತದಲ್ಲಿ ಅವನ ಕಾಲು ಮುರಿದರೆ ಸಂಪಾದನೆ ನಿಲ್ಲುತ್ತದೆ. ಸಾಲದ ಕಂತು ನಿಲ್ಲದು.

ವಾಹನಕ್ಕೆ ವಿಮೆಯಿದ್ದರೆ ಸಾಲದೆ? ಕಡ್ಡಾಯವಾದ ವಿಮೆಯು ಪರರಿಗಾದ ಹಾನಿಯನ್ನು ತುಂಬಿಕೊಡುತ್ತದೆ. ಮಾಲೀಕನೇ ಚಾಲಕನಾದಾಗ ದೊರೆಯುವ, 2018ರಲ್ಲಿ 15 ಲಕ್ಷ ರೂಪಾಯಿಗೆ ಏರಿಸಿದ ವೈಯಕ್ತಿಕ ಅಪಘಾತ ವಿಮೆಯೂ ಮರಣ, ಶಾಶ್ವತ ಅಂಗವೈಕಲ್ಯಗಳಿಗೆ ಮಾತ್ರ. ಆಸ್ಪತ್ರೆಯ ವೆಚ್ಚಕ್ಕೆ ಒದಗದು.

ಇಂಥ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕವು 2025ರಲ್ಲಿ ಕಾಯಿದೆಯೊಂದನ್ನು ಮಾಡಿತು. ಚಾಲಕನಿಗೆ ಸಲ್ಲುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಯು ಕ್ಷೇಮನಿಧಿಗೆ ಶುಲ್ಕ ತೆರಬೇಕು. ಹನಿಗೂಡಿದರೆ ಹಳ್ಳ, ಒಬ್ಬನ ಸಂಕಟವನ್ನು ಹಲವರು ಹೊರುವುದೇ ವಿಮೆಯ ತಿರುಳು.